ಹೈಡ್ರಿಯಾ

ಗ್ರೀಕ್ ಭಾಷೆಯಲ್ಲಿ ‘ಹುದೋರ್’ ಎಂದರೆ ನೀರು. ನೀರು ತರುವ ಕೊಡಕ್ಕೆ ಹೈಡ್ರಿಯಾ ಎಂಬ ಹೆಸರು ಬಂದದ್ದು ಅದರಿಂದ. ಸಂಸ್ಕೃತದಿಂದ ನಮಗೆ ಬಂದ ‘ಉದಕ’ದ ಬೇರೂ ಇದೇ, ‘ಹೈಡ್ರೋಜನ್’ ಕೂಡ ಇದೇ ಬಳಗದ್ದು.

ಈ ಕೊಡಕ್ಕೆ ಮೂರು ಹಿಡಿ. ಎತ್ತಲು ಪಕ್ಕಗಳಲ್ಲಿ ಎರಡು, ಬಗ್ಗಿಸಿ ಸುರಿಯಲು ಹಿಂದೊಂದು. ಕ್ರಿ.ಪೂ. 6ನೇ ಶತಮಾನದ ಕೊನೆಗೆ ಅಥೆನ್ಸ್‌ನ ಚಿತ್ರಗಾರರು ನೀರಿಗೆ ಬಂದ ಹೆಂಗಸರನ್ನು ಈ ಕೊಡಗಳ ಮೇಲೆಯೇ ಬರೆದರು: ಕಂಬಗಳ ಮಂಟಪ, ಸಿಂಹದ ಬಾಯಿಂದ ಸುರಿಯುವ ನೀರು, ಎದುರುಬದುರು ನಿಂತು ಮಾತಾಡುವ ಗೆಳತಿಯರು. ಖಾಲಿ ಕೊಡ ತಲೆಯ ಮೇಲೆ ಅಡ್ಡ ಮಲಗಿರುತ್ತದೆ, ತುಂಬಿದ್ದು ನೆಟ್ಟಗೆ ನಿಂತಿರುತ್ತದೆ. ಯಾರು ಬರುತ್ತಿದ್ದಾರೆ, ಯಾರು ಹೊರಟಿದ್ದಾರೆ ಎಂದು ಇಷ್ಟರಿಂದಲೇ ತಿಳಿಯುತ್ತದೆ. ದಿನನಿತ್ಯದ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿದ ಕಣ್ಣು ದೊಡ್ಡದು.

‘ಹೈಡ್ರಿಯಾ’ ಎಂಬ ಪದವನ್ನು ಒಂದು ಚಿತ್ರದೊಳಗೇ ಓದಬಹುದು. ಫ್ಲಾರೆನ್ಸ್‌ನಲ್ಲಿರುವ, ಸುಮಾರು ಕ್ರಿ.ಪೂ. 570ರ ‘ಫ್ರಾಂಸ್ವಾ ಪಾತ್ರೆ’ಯಲ್ಲಿ ಟ್ರಾಯ್‌ನ ರಾಜಕುಮಾರ ಟ್ರಾಯ್ಲಸ್‌ನನ್ನು ಗ್ರೀಕ್ ವೀರ ಅಕಿಲೀಸ್ ಬೆನ್ನಟ್ಟುತ್ತಾನೆ. ಓಡುವ ಕುದುರೆಗಳ ಕೆಳಗೆ ಟ್ರಾಯ್ಲಸ್‌ನ ಸೋದರಿ ಪೊಲಿಕ್ಸೆನಾ ಬೀಳಿಸಿದ ಕೊಡ ಬಿದ್ದಿದೆ. ಪಕ್ಕದಲ್ಲೇ ಚಿತ್ರಗಾರ ಕ್ಲೈಟಿಯಾಸ್ ‘ಹೈಡ್ರಿಯಾ’ ಎಂದು ಬರೆದಿದ್ದಾನೆ. ಬರಲಿರುವ ಸಾವನ್ನು ಆ ಕೊಡವೇ ಹೇಳಿಬಿಡುತ್ತದೆ.

ಮುಂದೆ ಹೈಡ್ರಿಯಾ ಮತ ಹಾಕಲೂ ಬಳಕೆಯಾಯಿತು, ಸತ್ತವರ ಬೂದಿ ಇಡಲೂ ಬಂತು. ಹೆಸರು ಮಾತ್ರ ನೀರಿನದೇ ಉಳಿಯಿತು.