ಜೀವಿಗಳ ಲಕ್ಷಣಗಳು ಮತ್ತು ಜೀವಕ್ರಿಯೆಗಳು

ಜೀವಿಗಳನ್ನು ನಿರ್ಜೀವ ವಸ್ತುಗಳಿಂದ ಬೇರ್ಪಡಿಸುವ ಗುಣಗಳನ್ನು ಜೀವಿಗಳ ಲಕ್ಷಣಗಳು ಎನ್ನುತ್ತಾರೆ. ಜೀವಿಯು ತನ್ನ ದೇಹವನ್ನು ಉಳಿಸಿಕೊಳ್ಳಲು ನಡೆಸುವ ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ ಮೊದಲಾದ ಕಾರ್ಯಗಳೇ ಜೀವಕ್ರಿಯೆಗಳು. ಯಾವುದೇ ಒಂದು ಲಕ್ಷಣವು ತಾನೊಂದೇ ಜೀವದ ಗುರುತಾಗಲಾರದು. ಹಲವು ಲಕ್ಷಣಗಳನ್ನು ಒಟ್ಟಾಗಿ ಪರಿಶೀಲಿಸಬೇಕಾಗುತ್ತದೆ. ಇಲ್ಲಿನ ಹೆಚ್ಚಿನ ಉದಾಹರಣೆಗಳು ಕರ್ನಾಟಕದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬಯಲುಸೀಮೆಯ ಪರಿಸರಕ್ಕೆ ಸೇರಿದವು.

ಜೀವಕೋಶ

ಎಲ್ಲ ಜೀವಿಗಳೂ ಜೀವಕೋಶಗಳಿಂದ ರಚನೆಯಾಗಿವೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಪದರದಲ್ಲಿ ಕೋಶಗಳನ್ನು ಗುರುತಿಸಿದನು. 1838–39ರಲ್ಲಿ ಷ್ಲೈಡನ್ ಮತ್ತು ಶ್ವಾನ್ ಕೋಶಸಿದ್ಧಾಂತವನ್ನು ಮಂಡಿಸಿದರು.

ಪ್ರಮುಖ ಜೀವಕ್ರಿಯೆಗಳು

ಪೋಷಣೆ: ಹಸಿರು ಸಸ್ಯಗಳು ದ್ಯುತಿಸಂಶ್ಲೇಷಣೆಯಿಂದ ಆಹಾರವನ್ನು ತಾವೇ ತಯಾರಿಸುತ್ತವೆ. ಪ್ರಾಣಿಗಳು ಇತರ ಜೀವಿಗಳನ್ನು ಅವಲಂಬಿಸುತ್ತವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಕರಡಿಗಳು ಹಣ್ಣುಗಳ ಜೊತೆಗೆ ಹುತ್ತವನ್ನು ಬಗೆದು ಗೆದ್ದಲುಗಳನ್ನು ಹೀರಿ ತಿನ್ನುತ್ತವೆ.

ಉಸಿರಾಟ: ಜೀವಕೋಶಗಳಲ್ಲಿ ಆಹಾರವು ವಿಭಜನೆಗೊಂಡು ಶಕ್ತಿ ಬಿಡುಗಡೆಯಾಗುತ್ತದೆ. ಸಸ್ಯಗಳಲ್ಲಿ ಈ ಕ್ರಿಯೆ ಹಗಲು ರಾತ್ರಿ ಎನ್ನದೆ ನಡೆಯುತ್ತದೆ.

ವಿಸರ್ಜನೆ: ದೇಹದಲ್ಲಿ ಉಂಟಾಗುವ ತ್ಯಾಜ್ಯಗಳು ಹೊರಹಾಕಲ್ಪಡುತ್ತವೆ. ಪಕ್ಷಿಗಳು ಸಾರಜನಕದ ತ್ಯಾಜ್ಯವನ್ನು ಹೆಚ್ಚಾಗಿ ಯೂರಿಕ್ ಆಮ್ಲದ ರೂಪದಲ್ಲಿ ವಿಸರ್ಜಿಸುವುದರಿಂದ ಅವುಗಳ ದೇಹದಲ್ಲಿ ನೀರು ಉಳಿತಾಯವಾಗುತ್ತದೆ.

ಪ್ರತಿಕ್ರಿಯೆ ಮತ್ತು ಸಮಸ್ಥಿತಿ: ಮಳೆ ಕೈಕೊಟ್ಟಾಗ ಜೋಳದ ಎಲೆಗಳು ಸುರುಳಿಯಾಗಿ, ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಇದರಿಂದ ನೀರಿನ ನಷ್ಟ ಕಡಿಮೆಯಾಗುತ್ತದೆ.

ಸಂತಾನೋತ್ಪತ್ತಿ: ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ ಮೊದಲಾದ ಪಕ್ಷಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. 98.76 ಹೆಕ್ಟೇರ್ ವಿಸ್ತಾರದ ಈ ತಾಣವು ರಾಮ್ಸಾರ್ ಪಟ್ಟಿಗೆ ಸೇರಿದುದನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯಂತಹ ಗಿಡಗಳನ್ನು ಬೀಜವಿಲ್ಲದೆ, ಕಡ್ಡಿ ನೆಟ್ಟು ಬೆಳೆಸಬಹುದು. ಇದು ಕಾಯಜ ಸಂತಾನೋತ್ಪತ್ತಿ.

ಒಂದೇ ಲಕ್ಷಣದ ಮಿತಿ

ಹುತ್ತವು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತದೆ, ಆದರೆ ಅದು ಜೀವಿಯಲ್ಲ. ಗೆದ್ದಲುಗಳು ಹೊರಗಿನಿಂದ ಮಣ್ಣು ಸೇರಿಸುವುದರಿಂದ ಅದು ಬೆಳೆಯುತ್ತದೆ. ಜೀವಿಯ ಬೆಳವಣಿಗೆಯಾದರೋ ಕೋಶವಿಭಜನೆಯಿಂದ ಒಳಗಿನಿಂದಲೇ ಆಗುತ್ತದೆ. ಹೇಸರಗತ್ತೆಯು ಸಾಮಾನ್ಯವಾಗಿ ಮರಿ ಹಾಕುವುದಿಲ್ಲ, ಆದರೂ ಅದು ಜೀವಿಯೇ. ಜೀವಕೋಶದ ಹೊರಗೆ ವೈರಾಣುಗಳು ಯಾವ ಜೀವಕ್ರಿಯೆಯನ್ನೂ ತೋರುವುದಿಲ್ಲ. 1935ರಲ್ಲಿ ವೆಂಡೆಲ್ ಸ್ಟಾನ್ಲಿ ತಂಬಾಕಿನ ಮೊಸಾಯಿಕ್ ವೈರಾಣುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಆದ್ದರಿಂದ ವೈರಾಣುಗಳನ್ನು ಜೀವಿ ಮತ್ತು ನಿರ್ಜೀವಿಗಳ ಗಡಿಯಲ್ಲಿಟ್ಟು ನೋಡುವುದುಂಟು.

ಬೀಜ: ಸುಪ್ತ ಜೀವ

ಒಣಗಿದ ಬೀಜವು ಚಲಿಸುವುದಿಲ್ಲ, ಬೆಳೆಯುವುದಿಲ್ಲ. ಅದರ ಉಸಿರಾಟವೂ ಅತ್ಯಂತ ಮಂದವಾಗಿರುತ್ತದೆ. ಆದರೂ ಒಳಗಿನ ಭ್ರೂಣ ಜೀವಂತವಾಗಿರುತ್ತದೆ. ನೀರು, ಆಮ್ಲಜನಕ ಮತ್ತು ತಕ್ಕ ಉಷ್ಣತೆ ದೊರೆತಾಗ ಕಿಣ್ವಗಳು ಚುರುಕುಗೊಂಡು, ಕೂಡಿಟ್ಟ ಆಹಾರವು ಕರಗಿ, ಮೊಳಕೆ ಹೊರಡುತ್ತದೆ. ಶೇಖರಣೆಯಲ್ಲಿ ತೇವ ಮತ್ತು ಶಾಖ ಹೆಚ್ಚಾದರೆ ಉಸಿರಾಟವೂ ಹೆಚ್ಚಿ, ಆಹಾರವು ವ್ಯಯವಾಗಿ, ಭ್ರೂಣವು ಸಾಯುತ್ತದೆ. ಹೊರನೋಟಕ್ಕೆ ಸತ್ತ ಬೀಜ ಮತ್ತು ಜೀವಂತ ಬೀಜ ಒಂದೇ ತೆರನಾಗಿ ಕಾಣಬಹುದು.

ಮಳೆಯಾಶ್ರಿತ ಬೇಸಾಯದಲ್ಲಿ ಈ ವ್ಯತ್ಯಾಸ ನಿರ್ಣಾಯಕವಾದುದು. ಸತ್ತ ಬೀಜ ಬಿತ್ತಿದರೆ ಹದವಾದ ಮಳೆಯೂ ಬಿತ್ತನೆಯ ಕಾಲವೂ ವ್ಯರ್ಥವಾಗುತ್ತವೆ. ಆದ್ದರಿಂದ ಬಿತ್ತನೆಗೆ ಮೊದಲು 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ತೇವ ಆರದಂತೆ ನೋಡಿಕೊಂಡು, ಸುಮಾರು ಹತ್ತು ದಿನಗಳಲ್ಲಿ ಮೊಳೆತವನ್ನು ಎಣಿಸಿ ಪರೀಕ್ಷಿಸಲಾಗುತ್ತದೆ. ಭಾರತದ ಬೀಜ ಪ್ರಮಾಣೀಕರಣದ ಮಾನದಂಡದಂತೆ ಮೊಳಕೆಯ ಪ್ರಮಾಣವು ಜೋಳದಲ್ಲಿ ಕನಿಷ್ಠ ಶೇ. 75 ಹಾಗೂ ಶೇಂಗಾದಲ್ಲಿ ಕನಿಷ್ಠ ಶೇ. 70 ಇರಬೇಕು.