ವಿಲ್ವೋರ್ಡೆಯಿಂದ ಗೆಂಕ್‌ವರೆಗೆ: ಯುರೋಪಿನ ಆರ್ಥಿಕ ಏಕೀಕರಣ ಮತ್ತು ಬೆಲ್ಜಿಯಂನ ಕಾರು ಕಾರ್ಮಿಕರು

1997ರ ಫೆಬ್ರವರಿ 27ರಂದು ಬ್ರಸೆಲ್ಸ್ ಪಕ್ಕದ ವಿಲ್ವೋರ್ಡೆ ಪಟ್ಟಣದ ರೆನೋ ಕಾರ್ಖಾನೆಯನ್ನು ಮುಚ್ಚುವುದಾಗಿ ಕಂಪನಿ ಘೋಷಿಸಿತು. ಕೆಲಸ ಕಳೆದುಕೊಳ್ಳಲಿದ್ದವರು ಸುಮಾರು 3,100 ಮಂದಿ. ಹಣ ಹೂಡಿ ಆಧುನೀಕರಿಸಿದ್ದ ಕಾರ್ಖಾನೆ ಅದು. ಕೆಲಸದ ವೇಳೆಯನ್ನು ಕಂಪನಿಯ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಲು ಅಲ್ಲಿನ ಯೂನಿಯನ್‌ಗಳೂ ಒಪ್ಪಿದ್ದವು. ಸುದ್ದಿ ತಿಳಿದ ಕಾರ್ಮಿಕರು ಗೇಟಿಗೆ ಅಡ್ಡ ನಿಂತರು. ತಯಾರಾಗಿ ಅಂಗಳದಲ್ಲಿ ಸಾಲುಗಟ್ಟಿದ್ದ ಸಾವಿರಾರು ಕಾರುಗಳಲ್ಲಿ ಒಂದನ್ನೂ ಹೊರಗೆ ಬಿಡಲಿಲ್ಲ. ಅವರ ಕೈಯಲ್ಲಿದ್ದ ಅಸ್ತ್ರ ಅದೊಂದೇ. ಬೆಲ್ಜಿಯಂನ ಅಂದಿನ ಪ್ರಧಾನಿ ಜಾನ್ ಲೂಕ್ ದೆಹಾನ ಅದೇ ಊರಿನ ನಿವಾಸಿ. ಆದರೂ ನಿರ್ಧಾರವಾದದ್ದು ಪ್ಯಾರಿಸ್‌ನಲ್ಲಿ, ಅದನ್ನು ತಡೆಯುವ ಅಧಿಕಾರ ಅವರಿಗಿರಲಿಲ್ಲ.

ಏಕೀಕರಣ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು 1956. ಹರಿದು ಹಂಚಿಹೋಗಿದ್ದ ಒಂದು ಭಾಷೆಯ ಜನ ಒಂದೇ ಆಡಳಿತದಡಿ ಬಂದ ವರ್ಷ ಅದು. ಮರುವರ್ಷ, 1957ರ ಮಾರ್ಚ್ 25ರಂದು, ರೋಮ್‌ನಲ್ಲಿ ಆರು ದೇಶಗಳು ಸಹಿ ಹಾಕಿದ ಒಪ್ಪಂದದಿಂದ ಶುರುವಾದದ್ದು ಬೇರೆಯೇ ಬಗೆಯ ಏಕೀಕರಣ. ಅಲ್ಲಿ ಮೊದಲು ಒಂದಾದದ್ದು ಸುಂಕ, ಆಮೇಲೆ ಸರಕಿನ ಮಾರುಕಟ್ಟೆ, ಆಮೇಲೆ ಬಂಡವಾಳ, ಕಡೆಗೆ ನಾಣ್ಯ. ವೇತನದ ಚೌಕಾಶಿ, ನಿರುದ್ಯೋಗ ಭತ್ಯೆ, ಪಿಂಚಣಿ, ಕೆಲಸದಿಂದ ತೆಗೆಯುವ ಕಾನೂನು ಇವೆಲ್ಲ ಬಹುಮಟ್ಟಿಗೆ ಆಯಾ ದೇಶದೊಳಗೇ ಉಳಿದವು. ಏಕೀಕರಣದಿಂದ ಕಾರು ಉದ್ಯಮದ ಕೆಲಸಗಳು ಹೆಚ್ಚಿದವೋ ಕಡಿಮೆಯಾದವೋ ಎಂದು ಕೇಳುವುದು ರೂಢಿ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕಾರ್ಖಾನೆಗೂ ಊರಿಗೂ ಇದ್ದ ನಂಟನ್ನು ಈ ಏಕೀಕರಣ ಹೇಗೆ ಸಡಿಲಿಸಿತು? ಇದನ್ನು ಪರೀಕ್ಷಿಸಲು ಬೆಲ್ಜಿಯಂನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೀಕರಣದಿಂದ ಅತಿ ಹೆಚ್ಚು ಪಡೆದ ದೇಶ ಅದು, ಅದೇ ಏಕೀಕರಣದಿಂದ ಕಳೆದುಕೊಂಡ ದೇಶವೂ ಹೌದು.

ಬೆಲ್ಜಿಯಂನಲ್ಲಿ ರೆನೋ ಮತ್ತು ಜನರಲ್ ಮೋಟಾರ್ಸ್‌ನ ಜೋಡಣಾ ಘಟಕಗಳು ಎರಡನೇ ಮಹಾಯುದ್ಧಕ್ಕೂ ಹಿಂದಿನವು. ಉದ್ಯಮ ದೊಡ್ಡದಾಗಿ ಬೆಳೆದದ್ದು ಮಾತ್ರ ರೋಮ್ ಒಪ್ಪಂದದ ನಂತರ. ಸ್ವೀಡನ್ ಆಗ ಆ ಒಪ್ಪಂದದಿಂದ ಹುಟ್ಟಿದ ಯುರೋಪಿಯನ್ ಆರ್ಥಿಕ ಸಮುದಾಯದ ಹೊರಗಿತ್ತು. ಸಮುದಾಯದ ಸುಂಕದ ಗೋಡೆಯ ಒಳಗೆ ಕಾಲೂರಲೆಂದೇ ವೋಲ್ವೋ 1965ರಲ್ಲಿ ಘೆಂಟ್‌ನಲ್ಲಿ ಕಾರ್ಖಾನೆ ತೆರೆಯಿತು. (2017ರಲ್ಲಿ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ವೋಲ್ವೋ ಕಾರುಗಳ ಜೋಡಣೆ ಆರಂಭವಾದದ್ದರ ಹಿಂದೆಯೂ ಇದೇ ತರ್ಕವಿದೆ. ಪೂರ್ತಿ ತಯಾರಾಗಿ ಬರುವ ಕಾರಿಗೆ ಭಾರತ ವಿಧಿಸುತ್ತಿದ್ದ ಸುಂಕ ಬಿಡಿಬಿಡಿಯಾಗಿ ಬರುವ ಕಾರಿನ ಸುಂಕಕ್ಕಿಂತ ಬಹಳ ಹೆಚ್ಚು.) ಫೋರ್ಡ್ 1964ರಲ್ಲಿ ಲಿಂಬರ್ಗ್ ಪ್ರಾಂತ್ಯದ ಗೆಂಕ್‌ಗೆ ಬಂತು. ಅದು ಕಲ್ಲಿದ್ದಲು ಗಣಿಗಳ ಊರು. ಇಟಲಿಯಿಂದಲೂ ತುರ್ಕಿಯಿಂದಲೂ ಗಣಿಗೆ ಇಳಿಯಲು ಬಂದ ಸಂಸಾರಗಳು ಅಲ್ಲಿ ನೆಲೆಸಿದ್ದವು. 1966ರಲ್ಲಿ ಜ್ವಾರ್ಟ್‌ಬರ್ಗ್ ಗಣಿ ಮುಚ್ಚುವುದನ್ನು ವಿರೋಧಿಸಿದ ಹೋರಾಟದಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ವಾಟರ್‌ಸ್ಕೈ, ವಿಂಟರ್‌ಸ್ಲಾಗ್ ಗಣಿಗಳು ಎಂಬತ್ತರ ದಶಕದ ಕೊನೆಯಲ್ಲಿ ನಿಂತವು. ಅಪ್ಪ ಗಣಿಯಲ್ಲಿ, ಮಗ ಫೋರ್ಡ್‌ನಲ್ಲಿ ಎಂಬಂತೆ ಅಲ್ಲಿನ ಎರಡು ತಲೆಮಾರುಗಳ ಬದುಕು ಸಾಗಿತು.

ಸಮುದಾಯದೊಳಗಿನ ಸುಂಕಗಳು 1968ರ ಜುಲೈ 1ಕ್ಕೆ ಪೂರ್ತಿ ಇಲ್ಲವಾದವು. ತೊಂಬತ್ತರ ದಶಕದ ಹೊತ್ತಿಗೆ ಒಂದು ಕೋಟಿ ಜನರ ಬೆಲ್ಜಿಯಂ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಕಾರು ಜೋಡಿಸುತ್ತಿತ್ತು. ಅವುಗಳಲ್ಲಿ ಬಹುಪಾಲು ರಫ್ತಾಗುತ್ತಿದ್ದವು. ವಿಲ್ವೋರ್ಡೆ, ಆಂಟ್ವರ್ಪ್, ಗೆಂಕ್, ಫಾರೆಸ್ಟ್, ಘೆಂಟ್ ಎಂಬ ಐದು ಊರುಗಳಲ್ಲಿ ಐದು ಕಂಪನಿಗಳಿದ್ದವು. ಒಂದೂ ಬೆಲ್ಜಿಯಂನದಲ್ಲ. ಯಾವ ಮಾದರಿಯನ್ನು ಎಲ್ಲಿ ತಯಾರಿಸಬೇಕೆಂಬ ತೀರ್ಮಾನ ಪ್ಯಾರಿಸ್, ಡೆಟ್ರಾಯಿಟ್, ವೋಲ್ಫ್ಸ್‌ಬರ್ಗ್, ಗೋಥೆನ್‌ಬರ್ಗ್‌ಗಳಲ್ಲಿ ಆಗುತ್ತಿತ್ತು. ಕಾರಿಗೆ ಬೇಡಿಕೆ ಇದ್ದಷ್ಟು ಕಾಲ ಈ ಅವಲಂಬನೆ ಯಾರ ಕಣ್ಣಿಗೂ ಚುಚ್ಚಲಿಲ್ಲ.

1993ರ ಜನವರಿ 1ರಿಂದ ಏಕ ಮಾರುಕಟ್ಟೆ ಜಾರಿಗೆ ಬಂತು. ಗಡಿಯಲ್ಲಿ ಲಾರಿಗಳು ಕಾಗದಪತ್ರ ಹಿಡಿದು ಕಾಯುವುದು ನಿಂತಿತು. ಕಂಪನಿಗೆ ಇನ್ನು ಪ್ರತಿ ದೇಶದಲ್ಲೊಂದು ಕಾರ್ಖಾನೆ ಬೇಕಿರಲಿಲ್ಲ. ಒಂದು ಮಾದರಿಯನ್ನು ಒಂದೆರಡು ಕಡೆ ತಯಾರಿಸಿ ಇಡೀ ಖಂಡಕ್ಕೆ ಹಂಚಬಹುದಿತ್ತು. ಆಗಿನಿಂದ ಫ್ರಾನ್ಸಿನ ಘಟಕ, ಸ್ಪೇನಿನ ಘಟಕ, ಬೆಲ್ಜಿಯಂನ ಘಟಕ ಒಂದೇ ಲೆಕ್ಕದ ಪುಸ್ತಕದಲ್ಲಿ ಅಕ್ಕಪಕ್ಕದ ಸಾಲುಗಳಾದವು. ಹೋಲಿಕೆಯ ಈ ಕಣ್ಣು ಸರ್ಕಾರಕ್ಕೂ ಬಂತು. ಬೆಲ್ಜಿಯಂನಲ್ಲಿ ವೇತನ ಏರಿಕೆ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್‌ಗಳ ಏರಿಕೆಯನ್ನು ಮೀರಬಾರದೆಂದು 1996ರ ಜುಲೈ 26ರ ಕಾನೂನು ಮಿತಿ ಹಾಕಿತು. ವಿಲ್ವೋರ್ಡೆಯ ಘೋಷಣೆ ಬಂದದ್ದು ಅದಾದ ಏಳು ತಿಂಗಳಿಗೆ.

ರೆನೋ 1996ರಲ್ಲಿ ಐನೂರು ಕೋಟಿ ಫ್ರಾಂಕ್‌ಗಿಂತ ಹೆಚ್ಚು ನಷ್ಟ ಕಂಡಿತ್ತು. ಅಧ್ಯಕ್ಷ ಲೂಯಿ ಶ್ವೈಟ್ಸರ್ ವೆಚ್ಚ ಇಳಿಸುವ ಒತ್ತಡದಲ್ಲಿದ್ದರು ಎಂಬುದನ್ನು ಒಪ್ಪಬೇಕು. ಕಂಪನಿಯ ಷೇರುಗಳಲ್ಲಿ ಸುಮಾರು ಶೇಕಡಾ 46 ಫ್ರಾನ್ಸ್ ಸರ್ಕಾರದ ಕೈಯಲ್ಲಿತ್ತು. ವಿಲ್ವೋರ್ಡೆಯ ಉತ್ಪಾದನೆ ಫ್ರಾನ್ಸ್ ಮತ್ತು ಸ್ಪೇನಿನ ಘಟಕಗಳಿಗೆ ಹೋಗುವುದಿತ್ತು. ಅದೇ ವೇಳೆಗೆ ಸ್ಪೇನಿನ ವಲ್ಲಾದೊಲಿದ್ ಘಟಕಕ್ಕೆ ಸರ್ಕಾರಿ ನೆರವು ಕೊಡುವ ಪ್ರಸ್ತಾಪವೂ ಇತ್ತೆಂಬುದು ಬೆಳಕಿಗೆ ಬಂದು ಯುರೋಪಿಯನ್ ಆಯೋಗ ಮುಜುಗರಕ್ಕೆ ಸಿಲುಕಿತು. ಒಂದೂರಿನ ಕೆಲಸ ಇನ್ನೊಂದೂರಿಗೆ ಹೋಗುವುದಕ್ಕೆ ತೆರಿಗೆ ಹಣ ಆಸರೆಯಾಗಬೇಕೇ ಎಂಬ ಪ್ರಶ್ನೆ ಅಂದು ಎದ್ದದ್ದು ಇಂದಿಗೂ ತಣ್ಣಗಾಗಿಲ್ಲ.

ಕಾನೂನು ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. 1973ರಲ್ಲಿ ಆಕ್ಜೋ ಎಂಬ ಬಹುರಾಷ್ಟ್ರೀಯ ಕಂಪನಿ ಸುಮಾರು 5,000 ಮಂದಿಯನ್ನು ತೆಗೆಯಲು ಹೊರಟು, ಎಲ್ಲಿ ತೆಗೆದರೆ ಖರ್ಚು ಕಡಿಮೆ ಎಂದು ದೇಶಗಳ ಕಾನೂನುಗಳನ್ನು ಹೋಲಿಸಿ ನೋಡಿತ್ತು. ಸಾಮೂಹಿಕವಾಗಿ ಕೆಲಸದಿಂದ ತೆಗೆಯುವ ಬಗೆಗಿನ 1975ರ ಯುರೋಪಿಯನ್ ನಿರ್ದೇಶನ ಹುಟ್ಟಿದ್ದು ಆ ಕಹಿಯಿಂದ. 1994ರ ಇನ್ನೊಂದು ನಿರ್ದೇಶನ ಕನಿಷ್ಠ ಸಾವಿರ ಕಾರ್ಮಿಕರಿರುವ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಯುರೋಪ್ ಮಟ್ಟದ ಕಾರ್ಮಿಕ ಮಂಡಳಿಗೆ ದಾರಿ ಮಾಡಿತು. ರೆನೋದಲ್ಲಿ ಅಂಥ ಮಂಡಳಿ ಇತ್ತು. ಅದರೊಂದಿಗೆ ಮುಂಚಿತವಾಗಿ ಸಮಾಲೋಚಿಸದೆ ನಿರ್ಧಾರ ಪ್ರಕಟಿಸಿದ್ದು ತಪ್ಪೆಂದು 1997ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ನಾಂತೇರ್ ನ್ಯಾಯಾಲಯ ಹೇಳಿತು. ಬ್ರಸೆಲ್ಸ್‌ನ ಕಾರ್ಮಿಕ ನ್ಯಾಯಾಲಯವೂ ಕಂಪನಿಯ ನಡೆಯನ್ನು ತಪ್ಪೆಂದಿತು. ಮೇ ತಿಂಗಳಲ್ಲಿ ವರ್ಸೈ ಮೇಲ್ಮನವಿ ನ್ಯಾಯಾಲಯ ನಾಂತೇರ್ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಚುನಾವಣೆ ನಡೆದು, ಮುಚ್ಚುವಿಕೆಯನ್ನು ವಿರೋಧಿಸಿದ್ದ ಲಿಯೋನೆಲ್ ಜೊಸ್ಪಾಂ ಪ್ರಧಾನಿಯಾದರು. ಕಾರ್ಮಿಕರಿಗೆ ಆಸೆ ಚಿಗುರಿತು. ತಜ್ಞರ ವರದಿಯೊಂದು ಬಂತು, ಮುಚ್ಚುವ ನಿರ್ಧಾರ ಹಾಗೇ ಉಳಿಯಿತು. ಜುಲೈನಲ್ಲಿ ಕಾರ್ಖಾನೆ ನಿಂತಿತು. ಬೆಲ್ಜಿಯಂ 1998ರ ಫೆಬ್ರವರಿ 13ರಂದು ತಂದ ಹೊಸ ಕಾನೂನನ್ನು ಇಂದಿಗೂ ಜನ ರೆನೋ ಕಾನೂನು ಎಂದೇ ಕರೆಯುತ್ತಾರೆ. ಮೊದಲು ತಿಳಿಸಬೇಕು, ಕೇಳಬೇಕು, ಉತ್ತರಿಸಬೇಕು, ಆಮೇಲೆ ಮುಚ್ಚಬೇಕು ಎಂಬ ಕ್ರಮವನ್ನು ಅದು ಕಟ್ಟುನಿಟ್ಟುಗೊಳಿಸಿತು. ಮುಚ್ಚಬಾರದು ಎನ್ನುವ ಅಧಿಕಾರವನ್ನು ಯಾರಿಗೂ ಕೊಡಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ಮಾತು ನಮ್ಮಲ್ಲಿದೆ. ಯುರೋಪಿನ ಗಡಿಯಿಂದ ಸುಂಕದವನು ಎದ್ದು ಹೋದ ಮೇಲೆ ಕಾರ್ಮಿಕ ತನ್ನ ದುಃಖವನ್ನು ಯಾರ ಬಳಿ ಒಯ್ಯಬೇಕೆಂಬುದು ವಿಲ್ವೋರ್ಡೆಯಲ್ಲಿ ಮೊದಲ ಬಾರಿ ಸ್ಪಷ್ಟವಾಗಿ ಕೇಳಿಬಂತು. 1997ರ ಮಾರ್ಚ್ 7ರಂದು ಬೆಲ್ಜಿಯಂ, ಫ್ರಾನ್ಸ್, ಸ್ಪೇನ್‌ಗಳ ರೆನೋ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಪತ್ರಿಕೆಗಳು ಅದನ್ನು ಯುರೋ ಮುಷ್ಕರ ಎಂದವು. ಮಾರ್ಚ್ 16ರಂದು ಬ್ರಸೆಲ್ಸ್‌ನ ಬೀದಿಗಳಲ್ಲಿ ಹತ್ತಾರು ಸಾವಿರ ಜನ ನಡೆದರು. ನೆರೆದೇಶದ ಕಾರ್ಮಿಕ ತನಗೆ ಲಾಭವಾಗಬಹುದಾದ ನಿರ್ಧಾರದ ವಿರುದ್ಧ ಒಂದು ಹೊತ್ತಿನ ಸಂಬಳ ಬಿಟ್ಟು ನಿಂತದ್ದು ಸಣ್ಣ ಮಾತಲ್ಲ. ಅದನ್ನು ಮತ್ತೆ ಮತ್ತೆ ಕೇಳುವುದೂ ಸುಲಭವಲ್ಲ.

ಅದು ಸುಲಭವಲ್ಲವೆಂಬುದು ಗೆಂಕ್‌ನಲ್ಲಿ ಕಂಡುಬಂತು. 2012ರ ಅಕ್ಟೋಬರ್ 24ರಂದು ಫೋರ್ಡ್ ಕಾರ್ಖಾನೆ ಮುಚ್ಚುವ ಸುದ್ದಿ ಹೇಳಿತು. ಮೊಂಡಿಯೊ, ಎಸ್-ಮ್ಯಾಕ್ಸ್, ಗ್ಯಾಲಕ್ಸಿ ಮಾದರಿಗಳು ಸ್ಪೇನಿನ ವೇಲೆನ್ಸಿಯಾ ಬಳಿಯ ಅಲ್ಮುಸಾಫೆಸ್‌ಗೆ ಹೋಗುವುದಿತ್ತು. ನೇರವಾಗಿ ಕೆಲಸ ಹೋದದ್ದು ಸುಮಾರು 4,300 ಮಂದಿಗೆ. ಬಿಡಿಭಾಗದವರನ್ನೂ ಸೇರಿಸಿದರೆ ಹತ್ತು ಸಾವಿರದ ಆಸುಪಾಸು. ಬಿಡಿಭಾಗದವರ ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೀಟು ಮಾಡುವ ಘಟಕ ಕಾರ್ಖಾನೆಯ ಮಗ್ಗುಲಲ್ಲೇ ಇರುತ್ತದೆ. ಅಸೆಂಬ್ಲಿ ಲೈನಿನ ಮೇಲೆ ಯಾವ ಬಣ್ಣದ ಯಾವ ಕಾರು ಯಾವ ಸರದಿಯಲ್ಲಿ ಬರುತ್ತದೋ ಅದೇ ಸರದಿಯಲ್ಲಿ ಸೀಟುಗಳೂ ಬರಬೇಕು, ಅದೂ ಕೆಲವೇ ಗಂಟೆಗಳ ಮುಂಚೆ ಸಿಗುವ ಆದೇಶದ ಮೇಲೆ. ಗೋದಾಮು ಇಲ್ಲ, ಎರಡನೇ ಗಿರಾಕಿ ಇಲ್ಲ. ಲೈನು ನಿಂತ ದಿನವೇ ಅವರ ಕೆಲಸವೂ ನಿಂತಿತು. ಪರಿಹಾರ ಮಾತ್ರ ಫೋರ್ಡ್ ನೌಕರರಿಗೆ ಸಿಕ್ಕಷ್ಟು ಅವರಿಗೆ ಸಿಗಲಿಲ್ಲ.

ನವೆಂಬರ್ 7ರಂದು ಗೆಂಕ್‌ನ ಇನ್ನೂರಕ್ಕೂ ಹೆಚ್ಚು ಕಾರ್ಮಿಕರು ಬಸ್ಸು ಹತ್ತಿ ಜರ್ಮನಿಯ ಕಲೋನ್‌ನಲ್ಲಿದ್ದ ಫೋರ್ಡ್ ಯುರೋಪ್ ಕಚೇರಿಗೆ ಹೋದರು. ಗಡಿಯಲ್ಲಿ ಯಾರೂ ತಡೆಯಲಿಲ್ಲ. ಗೇಟಿನ ಮುಂದೆ ಟೈರು ಸುಟ್ಟರು, ಪೊಲೀಸರು ಸುತ್ತುವರಿದರು, ಮೊಕದ್ದಮೆ ಹೂಡಲಾಯಿತು. ಆಡಳಿತ ಇರುವಲ್ಲಿಗೆ ಹೋಗಿ ಕೇಳಲು ಏಕೀಕರಣ ಅವರಿಗೆ ರಸ್ತೆ ಕೊಟ್ಟಿತ್ತು, ಕೇಳಿಸಿಕೊಳ್ಳುವ ವೇದಿಕೆ ಕೊಟ್ಟಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಗೆಂಕ್‌ನ ಕೊನೆಯ ಕಾರು ಲೈನಿನಿಂದ ಇಳಿಯಿತು. ಆಂಟ್ವರ್ಪ್‌ನಲ್ಲಿದ್ದ ಜನರಲ್ ಮೋಟಾರ್ಸ್‌ನ ಓಪೆಲ್ ಕಾರ್ಖಾನೆ ಅದಕ್ಕೆ ನಾಲ್ಕು ವರ್ಷ ಮುಂಚೆಯೇ ಮುಚ್ಚಿತ್ತು.

ಕೆಲಸವೆಲ್ಲ ಪೂರ್ವ ಯುರೋಪಿಗೆ ಹೋಯಿತೆಂಬ ಜನಪ್ರಿಯ ವಿವರಣೆಯಲ್ಲಿ ಅರ್ಧ ನಿಜವಿದೆ. ವಿಲ್ವೋರ್ಡೆಯ ಮತ್ತು ಗೆಂಕ್‌ನ ಕೆಲಸ ಮುಖ್ಯವಾಗಿ ಹೋದದ್ದು ಪಶ್ಚಿಮದ ದೇಶಗಳಿಗೇ. ಆದರೂ ಪೂರ್ವದ ಏರಿಕೆ ಅಗಾಧ. ಸ್ಲೊವಾಕಿಯಾದ ಬ್ರಾಟಿಸ್ಲಾವಾಗೆ ಫೋಕ್ಸ್‌ವ್ಯಾಗನ್ 1991ರಲ್ಲೇ ಬಂತು. 2004ರಲ್ಲಿ ಆ ದೇಶ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಟ್ರ್ನಾವಾದಲ್ಲಿ ಪ್ಯೂಜೊ-ಸಿಟ್ರೋಯೆನ್, ಜಿಲಿನಾದಲ್ಲಿ ಕಿಯಾ, 2018ರಲ್ಲಿ ನಿತ್ರಾದಲ್ಲಿ ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಶುರುವಾದವು. ಐವತ್ತನಾಲ್ಕು ಲಕ್ಷ ಜನರ ದೇಶ ಈಗ ವರ್ಷಕ್ಕೆ ಹತ್ತು ಲಕ್ಷದಷ್ಟು ಕಾರು ಮಾಡುತ್ತದೆ. ತಲಾ ಲೆಕ್ಕದಲ್ಲಿ ಜಗತ್ತಿಗೇ ಮೊದಲು. ಕೆಲಸವಿಲ್ಲದೆ ಸೊರಗಿದ್ದ ಊರುಗಳಿಗೆ ಅದು ಅನ್ನ ಕೊಟ್ಟಿದೆ. ಬೆಲ್ಜಿಯಂನ ನೋವನ್ನು ಹೇಳುವಾಗ ಇದನ್ನು ಮರೆಯುವುದು ಸಂಶೋಧಕನಿಗೆ ಸಲ್ಲದು. 2017ರ ಜೂನ್‌ನಲ್ಲಿ ಬ್ರಾಟಿಸ್ಲಾವಾದ ಫೋಕ್ಸ್‌ವ್ಯಾಗನ್ ಕಾರ್ಮಿಕರು ಆರು ದಿನ ಮುಷ್ಕರ ಹೂಡಿ, ಹಂತ ಹಂತವಾಗಿ ಒಟ್ಟು ಶೇಕಡಾ 14.12 ವೇತನ ಏರಿಕೆ ಪಡೆದರು. ಅದೇ ಗುಣಮಟ್ಟದ ಕಾರಿಗೆ ಜರ್ಮನಿಯ ಸಂಬಳದ ಒಂದು ಪಾಲು ಮಾತ್ರ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅಗ್ಗದ ದುಡಿಮೆ ಎಂದು ಪಶ್ಚಿಮದಲ್ಲಿ ದೂರಿಸಿಕೊಂಡವರೇ ಆ ಅಗ್ಗವನ್ನು ಒಪ್ಪದೆ ಎದ್ದು ನಿಂತಿದ್ದರು.

ಇಡೀ ಒಕ್ಕೂಟವನ್ನು ಒಂದು ಘಟಕವೆಂದು ತೆಗೆದುಕೊಂಡರೆ ಈ ಏರಿಳಿತಗಳು ಒಂದನ್ನೊಂದು ಸರಿದೂಗಿಸಿ ಅಂಕಿಅಂಶದಲ್ಲಿ ಕಾಣೆಯಾಗುತ್ತವೆ. ಕೆಲಸ ಹೋದ ಕಡೆಗೆ ಕೆಲಸಗಾರನೂ ಹೋಗಬಹುದೆಂಬುದು ಏಕೀಕರಣದ ಸಿದ್ಧಾಂತ. ವಾಸ್ತವದಲ್ಲಿ ದುಡಿಯುವ ವಯಸ್ಸಿನ ಒಕ್ಕೂಟದ ಪ್ರಜೆಗಳಲ್ಲಿ ಬೇರೆ ಸದಸ್ಯ ದೇಶದಲ್ಲಿ ನೆಲೆಸಿರುವವರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ. ಐವತ್ತರ ಹರೆಯದ ಲೈನ್ ಕಾರ್ಮಿಕನಿಗೆ ಗೆಂಕ್‌ನಲ್ಲಿ ಸಾಲ ತೀರದ ಮನೆಯಿದೆ, ಡಚ್ ಭಾಷೆಯಲ್ಲಿ ಓದುವ ಮಕ್ಕಳಿದ್ದಾರೆ, ವಯಸ್ಸಾದ ತಾಯಿಯಿದ್ದಾಳೆ. ಮೊಂಡಿಯೊ ಸ್ಪೇನಿಗೆ ಹೋದಷ್ಟು ಸುಲಭವಾಗಿ ಅವನು ಹೋಗಲಾರ.

ಬ್ರಸೆಲ್ಸ್‌ನ ಫಾರೆಸ್ಟ್‌ನಲ್ಲಿ ಫೋಕ್ಸ್‌ವ್ಯಾಗನ್ 2006ರಲ್ಲಿ ಗಾಲ್ಫ್ ಕಾರನ್ನು ಹಿಂತೆಗೆದುಕೊಂಡಾಗ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಉಳಿದವರು ಔಡಿ ಹೆಸರಿನಡಿ ದುಡಿದರು, 2018ರಿಂದ ವಿದ್ಯುತ್ ಕಾರು ತಯಾರಿಸಿದರು. ಮುಂದಿನ ಕಾಲದ ಕಾರು ಕೈಯಲ್ಲಿದೆ ಎಂಬ ಭರವಸೆ ಇತ್ತು. 2024ರಲ್ಲಿ ಬೇಡಿಕೆ ಕುಸಿದಿದೆ, ಸಾಗಣೆ ವೆಚ್ಚ ಹೆಚ್ಚು ಎಂಬ ಕಾರಣಗಳನ್ನು ಕಂಪನಿ ಮುಂದಿಟ್ಟಿತು. ರೆನೋ ಕಾನೂನಿನಂತೆ ತಿಳಿಸುವ, ಸಮಾಲೋಚಿಸುವ ಹಂತಗಳೆಲ್ಲ ನಡೆದವು. ಸೆಪ್ಟೆಂಬರ್‌ನಲ್ಲಿ ಕಾರ್ಮಿಕರು ತಯಾರಾಗಿ ನಿಂತಿದ್ದ ಸುಮಾರು 200 ಕಾರುಗಳ ಕೀಲಿಗಳನ್ನು ತೆಗೆದಿಟ್ಟುಕೊಂಡರು. ಇಪ್ಪತ್ತೇಳು ವರ್ಷಗಳ ನಂತರವೂ ಅವರ ಕೈಗೆ ಎಟುಕಿದ ಅಸ್ತ್ರ ವಿಲ್ವೋರ್ಡೆಯವರದೇ ಆಗಿತ್ತು. 2025ರ ಫೆಬ್ರವರಿ 28ರಂದು ಆ ಕಾರ್ಖಾನೆಯೂ ಮುಚ್ಚಿತು. ಐದರಲ್ಲಿ ಈಗ ಕಾರು ಮಾಡುತ್ತಿರುವುದು ಘೆಂಟ್ ಒಂದೇ.

ಗೆದ್ದ ಊರಿನ ಕಥೆಯನ್ನೂ ಇಲ್ಲೇ ಹೇಳಬೇಕು. 2022ರಲ್ಲಿ ಫೋರ್ಡ್ ತನ್ನ ಮುಂದಿನ ವಿದ್ಯುತ್ ಕಾರುಗಳಿಗಾಗಿ ಜರ್ಮನಿಯ ಸಾರ್‌ಲೂಯಿಸ್ ಮತ್ತು ಅಲ್ಮುಸಾಫೆಸ್ ಘಟಕಗಳನ್ನು ಪೈಪೋಟಿಗೆ ಇಳಿಸಿತು. ಅಲ್ಮುಸಾಫೆಸ್ ಕಾರ್ಮಿಕರು ವೇತನದಲ್ಲಿ ರಿಯಾಯಿತಿಗೆ ಒಪ್ಪಿದರು, ಗೆದ್ದರು. ಅದೇ ವರ್ಷ ಅಲ್ಲಿ ಮೊಂಡಿಯೊ ಉತ್ಪಾದನೆ ನಿಂತಿತು. 2023ರಲ್ಲಿ ಎಸ್-ಮ್ಯಾಕ್ಸ್, ಗ್ಯಾಲಕ್ಸಿಗಳೂ ನಿಂತವು. ಗೆಂಕ್‌ನಿಂದ ಬಂದ ಮೂರು ಮಾದರಿಗಳಲ್ಲಿ ಒಂದೂ ಈಗ ಅಲ್ಲಿಲ್ಲ. 2024ರಲ್ಲಿ ಆ ಕಾರ್ಖಾನೆಯಲ್ಲೂ ಸುಮಾರು 1,600 ಮಂದಿಯನ್ನು ಕಡಿಮೆ ಮಾಡುವ ಮಾತುಕತೆ ಶುರುವಾಯಿತು.