ಪಡಿತರ ಪಟ್ಟಿಯಲ್ಲಿ ನ್ಯಾಯದ ಚರಿತ್ರೆ: ಜೋಹಾನ್ಸ್‌ಬರ್ಗಿನ ಕಾನ್‌ಸ್ಟಿಟ್ಯೂಷನ್ ಹಿಲ್

ಕಾನೂನಿನ ಚರಿತ್ರೆ ಹೇಳುವ ಮ್ಯೂಸಿಯಂಗಳು ಸಾಮಾನ್ಯವಾಗಿ ಚಿತ್ರಹಿಂಸೆಯ ಸಲಕರಣೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆ ಕಾಲ ಮುಗಿಯಿತೆಂಬ ನೆಮ್ಮದಿ ಕೊಟ್ಟು ನಮ್ಮನ್ನು ಕಳಿಸುತ್ತವೆ. ಜೋಹಾನ್ಸ್‌ಬರ್ಗಿನ ಕಾನ್‌ಸ್ಟಿಟ್ಯೂಷನ್ ಹಿಲ್ ಆ ಸಾಲಿಗೆ ಸೇರದು. ಹಳೆಯ ಸೆರೆಮನೆ ಮತ್ತು ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ ಇಲ್ಲಿ ಒಂದೇ ಆವರಣದಲ್ಲಿವೆ. ಇಲ್ಲಿ ನಡೆದ ಕ್ರೌರ್ಯದ ಬಹುಪಾಲಿಗೆ ಕಾನೂನಿನ ಬೆಂಬಲವಿತ್ತು ಎಂಬುದೇ ಈ ಜಾಗವನ್ನು ಕಾನೂನಿನ ಅಭ್ಯಾಸಿಗಳಿಗೆ ಮುಖ್ಯವಾಗಿಸುತ್ತದೆ.

ಗುಡ್ಡದ ಮೇಲಿನ ಓಲ್ಡ್ ಫೋರ್ಟ್ ಬಿಳಿಯ ಗಂಡಸರ ಜೈಲಾಗಿತ್ತು. ಕರಿಯ ಗಂಡಸರಿಗೆ 'ನಂಬರ್ ಫೋರ್', ಹೆಂಗಸರಿಗೆ ಬೇರೆಯೇ ಜೈಲು. 1983ರಲ್ಲಿ ಇವೆಲ್ಲ ಮುಚ್ಚಿದವು. ಇಲ್ಲಿ ಸೆರೆಯಲ್ಲಿದ್ದ ವರ್ಣಭೇದ ವಿರೋಧಿ ಹೋರಾಟಗಾರರಾದ ಮಂಡೇಲಾ, ಸೊಬುಕ್ವೆ, ಆಲ್ಬರ್ಟಿನಾ ಸಿಸುಲು ಅವರ ಹೆಸರುಗಳು ಸಂದರ್ಶಕರನ್ನು ಸೆಳೆಯುತ್ತವೆ, ಸಹಜ. ಆದರೆ ಕೋಣೆಗಳನ್ನು ತುಂಬಿದ್ದವರಲ್ಲಿ ಕರಿಯರು ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಪಾಸ್ ಪುಸ್ತಕವಿಲ್ಲದೆ ಬೀದಿಯಲ್ಲಿ ಸಿಕ್ಕಿಬಿದ್ದವರೂ ಮನೆಯಲ್ಲಿ ಬಿಯರ್ ಕಾಸಿದ ಹೆಂಗಸರೂ ಇದ್ದರು. ನಡೆದಾಡುವುದೇ ಅಪರಾಧವಾದ ಕಡೆ ರಾಜಕೀಯ ಕೈದಿ, ಸಾಮಾನ್ಯ ಕೈದಿ ಎಂಬ ವಿಂಗಡಣೆಗೆ ಅರ್ಥ ಎಷ್ಟು ಉಳಿಯುತ್ತದೆ?

ನಂಬರ್ ಫೋರ್‌ನಲ್ಲಿ ಕಣ್ಣಿಗೆ ರಾಚುವ ವಸ್ತುಗಳು ಹಲವು. ತಪಾಸಣೆಯ ದಿನ ಅಧಿಕಾರಿಗಳನ್ನು ಮೆಚ್ಚಿಸಲು ಕೈದಿಗಳು ಕಂಬಳಿಗಳನ್ನು ಮಡಚಿ ಸುತ್ತಿ ಕಟ್ಟುತ್ತಿದ್ದ ಕಲಾಕೃತಿಗಳ ಮಾದರಿಗಳಿವೆ. ಮೈಯಲ್ಲಿ ಏನನ್ನೂ ಬಚ್ಚಿಟ್ಟಿಲ್ಲವೆಂದು ತೋರಿಸಲು ಬೆತ್ತಲೆ ಕುಣಿಯಬೇಕಾಗಿದ್ದ 'ತೌಜಾ'ದ ವಿವರವಿದೆ. ನನಗೆ ಇವೆಲ್ಲಕ್ಕಿಂತ ಮುಖ್ಯ ದಾಖಲೆಯಾಗಿ ಕಾಣುವುದು ಊಟದ ಪಟ್ಟಿ. ಯಾವ ಜನಾಂಗದ ಕೈದಿಗೆ ಏನು, ಎಷ್ಟು ಎಂದು ಅದು ನಿಗದಿ ಮಾಡುತ್ತದೆ. ಬಿಳಿಯರ ಪಾಲು ಮೇಲೆ, ಭಾರತೀಯರದೂ ಮಿಶ್ರವರ್ಣೀಯರದೂ ನಡುವೆ, ಆಫ್ರಿಕನ್ನರದು ಕೆಳಗೆ. ಬೈಗುಳವಿಲ್ಲ, ಸಿಟ್ಟಿಲ್ಲ, ಗುಮಾಸ್ತನೊಬ್ಬ ಶಿಸ್ತಾಗಿ ಬರೆದ ಕೋಷ್ಟಕ, ಅಷ್ಟೆ. ವರ್ಣಭೇದದ ಕಾನೂನು ಕೈದಿಯ ತಟ್ಟೆಯವರೆಗೆ ಇಳಿದ ಬಗೆಯನ್ನು ಯಾವ ಶಾಸನದ ಪಠ್ಯವೂ ಇಷ್ಟು ಸ್ಪಷ್ಟವಾಗಿ ತೋರಿಸಲಾರದು.

ನ್ಯಾಯಾಲಯದ ಕಟ್ಟಡ ಉದ್ಘಾಟನೆಯಾದದ್ದು 2004ರ ಮಾರ್ಚ್ 21ರಂದು. ಪಾಸ್ ಕಾನೂನಿನ ವಿರುದ್ಧ ನೆರೆದ 69 ಮಂದಿ 1960ರ ಅದೇ ದಿನ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾಗಿದ್ದರು. ವಿಚಾರಣಾಧೀನ ಕೈದಿಗಳ ಬ್ಲಾಕನ್ನು ಕೆಡವಿ, ಅದರ ಮೆಟ್ಟಿಲ ಗೋಪುರಗಳನ್ನು ಹಾಗೇ ಉಳಿಸಿಕೊಂಡು, ಇಟ್ಟಿಗೆಗಳನ್ನು ಕಲಾಪದ ಸಭಾಂಗಣದ ಗೋಡೆಗೆ ಬಳಸಿದ್ದಾರೆ. ಬಾಗಿಲಿನ ಮೇಲೆ ಸಂವಿಧಾನದ 27 ಹಕ್ಕುಗಳ ಕೆತ್ತನೆ. ನ್ಯಾಯಮೂರ್ತಿಗಳ ಪೀಠಕ್ಕೆ ಬಣ್ಣಬಣ್ಣದ ಹಸುವಿನ ಚರ್ಮ. ಸುಂದರವಾಗಿದೆ; ಆ ಸೌಂದರ್ಯದಲ್ಲೇ ಸ್ವಲ್ಪ ಅಪಾಯವೂ ಇದೆ. ಜೈಲಿನ ಇಟ್ಟಿಗೆ ಅಲಂಕಾರವಾಗಿಬಿಟ್ಟರೆ ಅದು ಸಾಕ್ಷಿ ಹೇಳುವುದನ್ನು ನಿಲ್ಲಿಸುತ್ತದೆ.

ಭಾರತೀಯ ಓದುಗರಿಗೆ ಇಲ್ಲಿ ಇನ್ನೊಂದು ಇಕ್ಕಟ್ಟಿದೆ. ಏಷ್ಯನ್ನರ ಕಡ್ಡಾಯ ನೋಂದಣಿಯನ್ನು ಧಿಕ್ಕರಿಸಿದ ಗಾಂಧಿ 1908ರ ಜನವರಿಯಲ್ಲಿ ಇದೇ ಆವರಣದಲ್ಲಿ ಕೈದಿಯಾಗಿದ್ದರು. ಮೆಕ್ಕೆಜೋಳದ ಗಂಜಿ ಭಾರತೀಯರಿಗೆ ಒಗ್ಗದು, ಆಹಾರ ಬದಲಿಸಬೇಕೆಂದು ಕೈದಿಗಳ ಅರ್ಜಿ ಹೋಯಿತು. ತಮ್ಮನ್ನು ಆಫ್ರಿಕನ್ ಕೈದಿಗಳ ಜೊತೆ ಒಂದೇ ವರ್ಗಕ್ಕೆ ಸೇರಿಸಿದ್ದನ್ನು ಗಾಂಧಿ ತಮ್ಮ ಜೈಲನುಭವದ ಬರಹದಲ್ಲಿ ಕಟುವಾಗಿಯೇ ಆಕ್ಷೇಪಿಸಿದರು. ಅವರ ನಿಲುವು ಮುಂದೆ ಬದಲಾಯಿತು, ನಿಜ. ಆದರೂ ಅನ್ಯಾಯದ ಕಾನೂನನ್ನು ಮುರಿದು ಜೈಲು ಸೇರಿದವರೇ ಆ ಕಾನೂನಿನ ಶ್ರೇಣಿಯೊಳಗೆ ತಮ್ಮ ಸ್ಥಾನಕ್ಕಾಗಿ ವಾದಿಸಿದ್ದನ್ನು ಈ ಅರ್ಜಿಯಿಂದ ಬೇರ್ಪಡಿಸಿ ಓದಲಾಗದು. ಗಾಂಧಿಯ ಸೆರೆವಾಸದ ಕತೆಯನ್ನೂ ನಂಬರ್ ಫೋರ್‌ನ ಆ ಕೋಷ್ಟಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿ.